ಮೊತ್ತ ಬೇಡ, ಲೆಕ್ಕ ಕೇಳಿ

ಏಪ್ರಿಲ್ ಬಂತೆಂದರೆ ನಮ್ಮ ಅಂಗಡಿಯಲ್ಲಿ ಜೆರಾಕ್ಸ್‌ಗಿಂತ ಮನೆ ಕಂದಾಯದ ಕೆಲಸವೇ ಹೆಚ್ಚು. ತಿಂಗಳ ಕೊನೆಯೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಅನ್ನುವುದು ಬೆಂಗಳೂರಿನ ಮಾಲೀಕರಿಗೆಲ್ಲ ಬಾಯಿಪಾಠ. ಹಳೇ ಬಡಾವಣೆಯೊಂದರಲ್ಲಿ ಆನ್‌ಲೈನ್ ಅರ್ಜಿ, ಪ್ರಿಂಟ್‌ಔಟ್, ಲ್ಯಾಮಿನೇಷನ್ ಅಂತ ಅಂಗಡಿ ಇಟ್ಟುಕೊಂಡಿರುವವಳು ನಾನು. ಮೊದಲು ಜನ ಹೋದ ವರ್ಷದ ರಸೀದಿ ಹಿಡಿದು ಬರುತ್ತಿದ್ದರು. ಈಗ ಬಂದವರೇ ಮೊಬೈಲ್ ಚಾಚುತ್ತಾರೆ. ‘ಮೇಡಂ, ಎಐ ಐದು ಸಾವಿರದ ನಾನೂರು ಅಂತಿದೆ, ವೆಬ್‌ಸೈಟ್ ನಾಲ್ಕೂವರೆ ಸಾವಿರ ತೋರಿಸ್ತಿದೆ. ಯಾವುದು ಸರಿ?’

ಈ ಪ್ರಶ್ನೆ ಕೇಳಿದರೆ ನನಗೆ ಖುಷಿಯಾಗುತ್ತದೆ. ಇಷ್ಟು ವರ್ಷ ‘ಎಷ್ಟು ಬಂದಿದೆ, ಕಟ್ಟಿಬಿಡಿ’ ಅನ್ನುತ್ತಿದ್ದವರು ‘ಯಾಕೆ ಇಷ್ಟು’ ಅನ್ನುವಲ್ಲಿಗೆ ಬಂದಿದ್ದಾರೆ.

ಬೆಂಗಳೂರಿನ ಲೆಕ್ಕ ಕಷ್ಟದ್ದೇನೂ ಅಲ್ಲ. 2008ರಿಂದ ಇಲ್ಲಿರುವುದು ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ. ಊರನ್ನು ‘ಎ’ಯಿಂದ ‘ಎಫ್’ವರೆಗೆ ವಲಯಗಳಾಗಿ ಮಾಡಿ, ಒಂದೊಂದು ವಲಯಕ್ಕೂ ಚದರಡಿಗೆ ತಿಂಗಳಿಗಿಷ್ಟು ಎಂದು ದರ ಕಟ್ಟಿದ್ದಾರೆ. ಲೆಕ್ಕಕ್ಕೆ ಸುಲಭವಾಗಲಿ, ನಿಮ್ಮ ದರ 2 ರೂಪಾಯಿ, ಮನೆ 1,000 ಚದರಡಿ, ನೀವೇ ವಾಸವಿದ್ದೀರಿ ಎಂದಿಟ್ಟುಕೊಳ್ಳಿ. 2,000ವನ್ನು 10 ತಿಂಗಳಿಂದ ಗುಣಿಸಿದರೆ 20,000. ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು. ಶೇ 9 ಅಂದರೆ 1,800 ಹೋಗಿ 18,200 ಉಳಿಯಿತು. ಅದರ ಶೇ 20, ಅಂದರೆ 3,640 ರೂಪಾಯಿ ತೆರಿಗೆ. ಅದರ ಮೇಲೆ ಶೇ 24 ಸೆಸ್ 873 ರೂಪಾಯಿ 60 ಪೈಸೆ. ಕಸದ ಶುಲ್ಕ ಬಿಟ್ಟು ಒಟ್ಟು 4,513 ರೂಪಾಯಿ 60 ಪೈಸೆ. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ದರ ದುಪ್ಪಟ್ಟು.

ಚಾಟ್‌ಬಾಟ್ ಎಡವಿದ್ದು ಎಲ್ಲಿ ಗೊತ್ತೇ? 10 ತಿಂಗಳ ಜಾಗದಲ್ಲಿ 12 ಹಾಕಿತ್ತು. ವರ್ಷಕ್ಕೆ ಹನ್ನೆರಡು ತಿಂಗಳಲ್ಲವೇ, ಯಾರಿಗೂ ಅನುಮಾನ ಬರುವುದಿಲ್ಲ. ಕೂಡುವುದು ಕಳೆಯುವುದೆಲ್ಲ ಸರಿಯಾಗೇ ಇತ್ತು, ಕನ್ನಡವೂ ಚೊಕ್ಕವಾಗಿತ್ತು, ಮೊತ್ತ ಮಾತ್ರ ಒಂಬೈನೂರು ರೂಪಾಯಿ ಜಾಸ್ತಿ.

ಹೀಗಾಗಲು ಕಾರಣವಿದೆ. ಈ ಚಾಟ್‌ಬಾಟ್‌ಗಳು ಪಾಲಿಕೆಯ ಕಡತ ತೆರೆದು ನೋಡಿ ಉತ್ತರ ಕೊಡುವುದಿಲ್ಲ. ಅಪಾರ ಬರಹ ಓದಿ, ಯಾವ ಮಾತಿನ ಮುಂದೆ ಯಾವ ಮಾತು ಬರಬಹುದು ಎಂಬ ಅಂದಾಜಿನಲ್ಲಿ ವಾಕ್ಯ ಕಟ್ಟುತ್ತವೆ. ಕೆಲವು ಇಂಟರ್ನೆಟ್‌ನಲ್ಲಿ ಹುಡುಕಿಯೂ ಹೇಳುತ್ತವೆ, ಆದರೆ ಹುಡುಕಿದಾಗ ಸಿಗುವ ಪುಟ ಯಾವ ವರ್ಷದ್ದೋ ಇರಬಹುದು. ಕಂದಾಯದ ವಿಷಯದಲ್ಲಂತೂ ಒಂದೇ ರಾಜ್ಯದಲ್ಲಿ ಊರಿಗೊಂದು ಲೆಕ್ಕ. ಮೈಸೂರು, ಹುಬ್ಬಳ್ಳಿಯಂಥ ಕಡೆ ಸ್ವತ್ತಿನ ಬಂಡವಾಳ ಮೌಲ್ಯದ ಮೇಲೆ ತೆರಿಗೆ. ಹಳ್ಳಿಗೆ ಹೋದರೆ ಗ್ರಾಮ ಪಂಚಾಯಿತಿ, ಇ-ಸ್ವತ್ತು, ನಮೂನೆ 9, ನಮೂನೆ 11. ‘ಕರ್ನಾಟಕದಲ್ಲಿ ಮನೆ ತೆರಿಗೆ ಹೇಗೆ’ ಎಂದಷ್ಟೇ ಕೇಳಿದರೆ ಎಲ್ಲವನ್ನೂ ಕಲಸಿ ಮುಂದಿಡುತ್ತದೆ. ಮೇಲಾಗಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಹಳೆಯದನ್ನು ಓದಿಕೊಂಡ ಯಂತ್ರ ಇನ್ನೂ ‘ಬಿಬಿಎಂಪಿ ಕಚೇರಿಗೆ ಹೋಗಿ’ ಅನ್ನುತ್ತಿರುತ್ತದೆ. ರಿಯಾಯಿತಿಯ ಕೊನೆ ದಿನವೂ ಹಾಗೆಯೇ. 2024ರಲ್ಲಿ ಅದನ್ನು ಜುಲೈ 31ರವರೆಗೆ ವಿಸ್ತರಿಸಿದ್ದರು. ಆ ಸುದ್ದಿ ನೋಡಿದ ಯಂತ್ರ ಪ್ರತಿ ವರ್ಷವೂ ಜುಲೈ ಅಂದುಬಿಟ್ಟರೆ ಕಳೆದುಕೊಳ್ಳುವವರು ನೀವು.

ಸರ್ಕಾರವೇ ಇಟ್ಟ ಚಾಟ್‌ಬಾಟ್ ಆದರೆ ಪೂರ್ತಿ ನಂಬಬಹುದು ಅನ್ನುವಂತೆಯೂ ಇಲ್ಲ. ನ್ಯೂಯಾರ್ಕ್ ನಗರಾಡಳಿತ 2023ರಲ್ಲಿ ವ್ಯಾಪಾರಿಗಳಿಗೆಂದು ಒಂದನ್ನು ಆರಂಭಿಸಿತ್ತು. ಅಂಗಡಿಯವರು ನಗದು ಬೇಡವೆನ್ನಬಹುದು ಎಂದು ಅದು ಹೇಳಿದ್ದನ್ನು 2024ರಲ್ಲಿ ‘ದಿ ಮಾರ್ಕಪ್’ ಸುದ್ದಿತಾಣ ಬಯಲು ಮಾಡಿತು. ಆ ಊರಿನ ಕಾನೂನು ಇರುವುದು ಅದಕ್ಕೆ ತದ್ವಿರುದ್ಧ.

ಹಾಗಂತ ಬಿಸಾಡುವ ವಸ್ತು ಅಲ್ಲ ಇದು. ಇದರಿಂದ ಆದ ಒಂದು ಉಪಕಾರವನ್ನು ನಾನೇ ಕಂಡಿದ್ದೇನೆ. ನಮ್ಮ ಬೀದಿಯ ಒಬ್ಬರು ಅಮ್ಮ, ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇರುವವರು, ಒಂದು ನೋಟಿಸ್ ತಂದರು. ಕೆಳಗಡೆ ತಾವು, ಮೇಲ್ಗಡೆ ಬಾಡಿಗೆದಾರರು. ಕಟ್ಟುತ್ತಾ ಬಂದಿದ್ದು ಮಾತ್ರ ಕೆಳಮನೆಯ ಕಂದಾಯ. ‘ನೋಡಮ್ಮಾ, ಇದನ್ನು ಓದಿದರೆ ಎದೆ ನಡುಗುತ್ತೆ, ಏನು ಅಂತ ತಿಳಿಯಲ್ಲ’ ಅಂದರು. ಅವರ ಹೆಸರು, ಫೋನ್ ನಂಬರ್, ಸ್ವತ್ತಿನ ಗುರುತಿನ ಪಿಐಡಿ ನಂಬರ್ ಬಿಟ್ಟು ಉಳಿದದ್ದನ್ನು ಟೈಪ್ ಮಾಡಿ ಮೂರೇ ಮಾತು ಕೇಳಿದೆ: ಇದರಲ್ಲಿ ಏನು ಕೇಳಿದ್ದಾರೆ? ಯಾವ ದಿನದೊಳಗೆ ಉತ್ತರ ಕೊಡಬೇಕು? ಈ ಮೊತ್ತ ಯಾವ ಯಾವುದು ಸೇರಿ ಆಯಿತು? ತೆರಿಗೆಯ ವ್ಯತ್ಯಾಸ ಇಷ್ಟು, ಬಡ್ಡಿ ಇಷ್ಟು, ದಂಡ ಇಷ್ಟು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂದು ಬಿಡಿಸಿ ಕೊಟ್ಟಿತು. ವರ್ಷ ಓದಿ ಹೇಳುತ್ತಿದ್ದಂತೆ ಅಮ್ಮ ತಡೆದರು. ‘ಆಗ ಮೇಲ್ಗಡೆ ಮನೆಯೇ ಇರಲಿಲ್ಲವಲ್ಲ!’

ಮಹಡಿ ಎದ್ದಾಗ ಬದಲಾವಣೆ ತಿಳಿಸುವ ನಮೂನೆ 5 ತುಂಬಬೇಕಿತ್ತು. ಅವರು ಬದಲಾವಣೆ ಇಲ್ಲದವರ ನಮೂನೆ 4ರಲ್ಲೇ ಕಟ್ಟುತ್ತಾ ಬಂದಿದ್ದರು. ಹಾಗಾಗಿ ಮಹಡಿ ಎಂದು ಎದ್ದಿತೆಂಬುದು ಕಡತದಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಮೇಲ್ಮನೆಗೆ ಕರೆಂಟ್ ಮೀಟರ್ ಕೂರಿಸಿದ ಕಾಗದ ಹುಡುಕಿ, ಒಂದು ಪುಟದ ಮನವಿ ಬರೆದು ಕೊಟ್ಟರು. ಮಹಡಿ ಇಲ್ಲದ ವರ್ಷಗಳ ಬಾಕಿ ಬಿಟ್ಟುಹೋಯಿತು, ಉಳಿದದ್ದನ್ನು ಕಟ್ಟಿದರು. ಗುಟ್ಟು ಅವರಿಗೇ ಗೊತ್ತಿತ್ತು. ನೋಟಿಸಿನ ಭಾಷೆ ಅವರಿಗೆ ಅಡ್ಡ ನಿಂತಿತ್ತು, ಅದನ್ನು ಯಂತ್ರ ಸರಿಸಿತು.

ಅದಕ್ಕೇ ಬಂದವರಿಗೆಲ್ಲ ನಾನು ಹೇಳುವುದು: ಚಾಟ್‌ಬಾಟನ್ನು ಬರಿಗೈಯಲ್ಲಿ ಕೇಳಬೇಡಿ, ಕಾಗದ ಮುಂದಿಟ್ಟು ಕೇಳಿ. ರಸೀದಿಯೋ ನೋಟಿಸೋ ಪಾಲಿಕೆಯ ವೆಬ್‌ಸೈಟಿನ ದರಪಟ್ಟಿಯೋ, ಅದನ್ನು ಹಾಕಿ ‘ಇದರಲ್ಲಿ ಇರುವುದನ್ನಷ್ಟೇ ನೋಡಿ ವಿವರಿಸು, ಇಲ್ಲದ್ದನ್ನು ಇಲ್ಲ ಅನ್ನು’ ಎಂದು ಕೇಳಿ. ಊರು, ವರ್ಷ, ಸ್ವಂತ ವಾಸವೋ ಬಾಡಿಗೆಯೋ ಎಲ್ಲವನ್ನೂ ಹೇಳಿ. ಎಷ್ಟಾಯಿತು ಅನ್ನುವುದಕ್ಕಿಂತ ಹೇಗಾಯಿತು ಅನ್ನುವುದನ್ನು ಒಂದೊಂದೇ ಸಾಲಾಗಿ ಬರೆಸಿಕೊಂಡು, ಕ್ಯಾಲ್ಕುಲೇಟರ್‌ನಲ್ಲಿ ನೀವೇ ತಾಳೆ ನೋಡಿ. ಆಧಾರ್ ನಂಬರ್, ಕ್ರಯಪತ್ರದ ಫೋಟೊ ಯಾವ ಕಾರಣಕ್ಕೂ ಹಾಕಬೇಡಿ. ಹಣ ಕಟ್ಟುವ ಲಿಂಕ್ ಅದು ಕೊಟ್ಟರೂ ಒತ್ತಬೇಡಿ. ಒತ್ತಿ ಹೇಳುತ್ತಿದ್ದೇನೆ, ಈ ಕೊನೆಯ ಎರಡನ್ನು ಮನೆಯ ಹಿರಿಯರಿಗೂ ತಿಳಿಸಿ.

ಸೆಸ್‌ನಂಥ ಪ್ರಶ್ನೆಗಳಿಗೆ ಇದು ನಿಜಕ್ಕೂ ಒಳ್ಳೆಯ ಮೇಷ್ಟ್ರು. ರಸೀದಿಯ ಆ ಶೇ 24ರಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ಇದೆ ಎಂದು ತಿಳಿದಾಗ ಎಷ್ಟೋ ಜನ ಕಣ್ಣರಳಿಸುತ್ತಾರೆ. ನಮ್ಮ ವಾರ್ಡಿನ ಗ್ರಂಥಾಲಯಕ್ಕೆ ನಾವೇ ದುಡ್ಡು ಕೊಡುತ್ತಿದ್ದೇವೆ ಎಂದು ಗೊತ್ತಾದವರು, ಅಲ್ಲಿ ಹೊಸ ಪುಸ್ತಕ ಯಾಕಿಲ್ಲ ಎಂದೂ ಕೇಳಬಲ್ಲರು.

ಇನ್ನು ಹೊಸ ಪಾಲಿಕೆಗಳಿಗೆ ನನ್ನದೊಂದು ಕೋರಿಕೆ. ದರಪಟ್ಟಿ, ಸವಕಳಿಯ ಕೋಷ್ಟಕ, ಸೆಸ್, ಕಸದ ಶುಲ್ಕ, ಕೊನೆಯ ದಿನ ಇಷ್ಟನ್ನೂ ಸರಳ ಕನ್ನಡದಲ್ಲಿ ಒಂದೇ ಪುಟಕ್ಕೆ ತನ್ನಿ. ಸ್ಕ್ಯಾನ್ ಮಾಡಿದ ಚಿತ್ರ ಹಾಕದೆ ಓದಿ ನಕಲು ಮಾಡಿಕೊಳ್ಳುವಂಥ ಅಕ್ಷರದಲ್ಲೇ ಕೊಡಿ. ಮೇಲ್ಗಡೆ ತಾರೀಕು ಹಾಕಿ, ಬದಲಾದಾಗಲೆಲ್ಲ ತಿದ್ದಿ. ಜನರೂ ಅದನ್ನೇ ಓದಲಿ, ಯಂತ್ರವೂ ಅದನ್ನೇ ಓದಲಿ.