ಪರದೆಯ ಅಕ್ಷರ ಮಸುಕಾದಾಗ

ನಲವತ್ತು ದಾಟಿದವರಿಗೆ ಅಕ್ಷರ ಮಸುಕಾದರೆ ಮೊದಲು ಸಂದೇಹ ಬರುವುದು ಕಣ್ಣಿನ ಮೇಲೆ. ನನಗೂ ಹಾಗೆಯೇ ಆಯಿತು. ಚಾಳೀಸು ಬಂದಿತೆಂದು ಕನ್ನಡಕ ಮಾಡಿಸಿಕೊಂಡೆ. ಆದರೂ ಬ್ಯಾಂಕಿನ ಕಂಪ್ಯೂಟರ್ ಪರದೆ ಮಂಜು ಕವಿದಂತೆಯೇ ಇತ್ತು. ಒಂದು ಸಂಜೆ ಲೆಕ್ಕ ತಾಳೆಯಾಗಲಿಲ್ಲ. ವ್ಯತ್ಯಾಸ ಸರಿಯಾಗಿ 5,000 ರೂಪಾಯಿ. ಪರದೆಯಲ್ಲಿದ್ದ 43,250 ಎಂಬುದನ್ನು ನಾನು 48,250 ಎಂದು ಓದಿ ಪಟ್ಟಿಗೆ ಬರೆದಿದ್ದೆ. ತಪ್ಪನ್ನು ಹುಡುಕಿಕೊಟ್ಟ ಕಿರಿಯ ಸಹೋದ್ಯೋಗಿ ನನ್ನ ಪರದೆಯತ್ತ ನೋಡಿ, "ಸರ್, ಇದರ ರೆಸಲ್ಯೂಷನ್ ಇಳಿಸಿದವರು ಯಾರು?" ಎಂದು ಕೇಳಿದರು. ಇಳಿಸಿದವನು ನಾನೇ, ಅಕ್ಷರ ದೊಡ್ಡದಾಗಿ ಕಾಣಲೆಂದು!

ನಾನು ವೈದ್ಯನೂ ಅಲ್ಲ, ಎಂಜಿನಿಯರನೂ ಅಲ್ಲ. ಕೇವಲ ವಾಣಿಜ್ಯ ಪದವೀಧರ. ಆದರೆ ಇದೇ ತಪ್ಪನ್ನು ನಮ್ಮ ಸಂಘದ ಕೆಲವು ಹಿರಿಯರ ಮನೆಗಳಲ್ಲಿಯೂ ಕಂಡಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇಂದಿನ ಚಪ್ಪಟೆ ಪರದೆಯೆಂದರೆ ಎಣಿಸಿಟ್ಟ ಚುಕ್ಕಿಗಳ ಹಾಸು. ಅನೇಕ ಪರದೆಗಳಲ್ಲಿ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080 ಚುಕ್ಕಿಗಳಿರುತ್ತವೆ. ಇದನ್ನು 1280 ಮತ್ತು 720ಕ್ಕೆ ಇಳಿಸಿದರೆ, ಒಂದು ಚುಕ್ಕಿಯ ಚಿತ್ರವನ್ನು ಒಂದೂವರೆ ಚುಕ್ಕಿಯಷ್ಟು ಅಗಲಕ್ಕೆ ಹಿಗ್ಗಿಸಬೇಕಾಗುತ್ತದೆ. ಅರ್ಧ ಚುಕ್ಕಿ ಎಂಬುದು ಪರದೆಯಲ್ಲಿ ಇಲ್ಲ. ಆದುದರಿಂದ ಪಕ್ಕದ ಚುಕ್ಕಿಗೆ ಅರೆಬಣ್ಣ ಬಳಿದು ಸರಿದೂಗಿಸಲಾಗುತ್ತದೆ. ಅಕ್ಷರದ ಅಂಚು ಕರಗುತ್ತದೆ. ಇದರಿಂದ ಕನ್ನಡಕ್ಕೆ ಆಗುವ ಹಾನಿ ಹೆಚ್ಚು. ಪ-ಫ, ದ-ಧ ಇವುಗಳ ಭೇದವೆಲ್ಲ ಒಂದು ಸಣ್ಣ ಗೀಟಿನಲ್ಲಿದೆ. 'ರಾಷ್ಟ್ರ' ಎಂಬಲ್ಲಿ ಎರಡು ಒತ್ತುಗಳು ಇಕ್ಕಟ್ಟಾಗಿ ಕುಳಿತಿರುತ್ತವೆ.

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಪರದೆಯ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಡಿಸ್‌ಪ್ಲೇ ಸೆಟ್ಟಿಂಗ್ಸ್' ತೆರೆಯಬೇಕು. 'ರೆಕಮೆಂಡೆಡ್' ಎಂದು ಬರೆದಿರುವ ರೆಸಲ್ಯೂಷನ್ನನ್ನೇ ಆರಿಸಬೇಕು. ಅಕ್ಷರ ಥಟ್ಟನೆ ಚಿಕ್ಕದಾದೀತು, ಗಾಬರಿ ಬೇಡ. ಅಲ್ಲಿಯೇ ಇರುವ 'ಸ್ಕೇಲ್' ಎಂಬುದನ್ನು ಶೇಕಡಾ 125 ಅಥವಾ 150ಕ್ಕೆ ಏರಿಸಿದರೆ, ಚುಕ್ಕಿಗಳು ಕಡಿಮೆಯಾಗದೆಯೇ ಅಕ್ಷರ ದೊಡ್ಡದಾಗುತ್ತದೆ. ಇದೇ ಸರಿಯಾದ ದಾರಿ. ಅನಂತರ 'ಕ್ಲಿಯರ್‌ಟೈಪ್' ಎಂದು ಹುಡುಕಿ ತೆರೆದರೆ, ಒಂದೇ ಬರಹದ ಹಲವು ಮಾದರಿಗಳನ್ನು ತೋರಿಸಿ, ಯಾವುದು ಸ್ಪಷ್ಟವೆಂದು ಕೇಳುತ್ತದೆ. ನಿತ್ಯ ಧರಿಸುವ ಕನ್ನಡಕವನ್ನು ಹಾಕಿಕೊಂಡೇ ಉತ್ತರಿಸಬೇಕು. ಕಚೇರಿಯ ಕಂಪ್ಯೂಟರಾದರೆ ಸಂಬಂಧಪಟ್ಟವರ ಅನುಮತಿ ಬೇಕಾದೀತು.

ದೋಷ ಪರದೆಯದೋ ಕಣ್ಣಿನದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಪರದೆಯಷ್ಟೇ ದೂರದಲ್ಲಿ, ಅಷ್ಟೇ ಗಾತ್ರದ ಅಕ್ಷರವಿರುವ ವೃತ್ತಪತ್ರಿಕೆಯನ್ನು ಹಿಡಿಯಿರಿ. ಅದು ಸ್ಪಷ್ಟವಾಗಿದ್ದು ಪರದೆ ಮಾತ್ರ ಮಸುಕಾಗಿದ್ದರೆ ದೋಷ ಪರದೆಯದು. ಎರಡೂ ಮಸುಕಾದರೆ ನೇತ್ರವೈದ್ಯರನ್ನು ಕಾಣಲೇಬೇಕು. ಪುಸ್ತಕ ಓದುವ ಕನ್ನಡಕ ಒಂದೂಕಾಲು ಅಡಿಯ ಆಸುಪಾಸಿನ ದೂರಕ್ಕೆಂದು ಮಾಡಿದ್ದು. ಪರದೆಯೋ ತೋಳಳತೆಯಷ್ಟು ಆಚೆ, ಸುಮಾರು ಎರಡು ಅಡಿ ದೂರದಲ್ಲಿರುತ್ತದೆ. ಆ ಅಂತರವನ್ನು ಮನೆಯಲ್ಲಿಯೇ ಅಳೆದುಕೊಂಡು ಹೋಗಿ ವೈದ್ಯರಿಗೆ ತಿಳಿಸಿರಿ.