ಶಿಶುಗಳ ‘ಸಲಾಮು ಸೆಳವು’ ಮತ್ತು ಹಾರ್ಮೋನು ಚಿಕಿತ್ಸೆ

1841ರ ಜನವರಿಯಲ್ಲಿ ಇಂಗ್ಲೆಂಡಿನ ಟನ್‌ಬ್ರಿಜ್ ಪಟ್ಟಣದ ವೈದ್ಯರಾದ ವಿಲಿಯಂ ಜೇಮ್ಸ್ ವೆಸ್ಟ್ ಅವರು ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಪತ್ರವನ್ನು ಬರೆದರು. ಒಂದು ವರ್ಷ ತುಂಬುತ್ತಿದ್ದ ಶಿಶುವೊಂದು ತನ್ನ ಇಚ್ಛೆಯಿಲ್ಲದೆ ತಲೆಯನ್ನು ಮೊಣಕಾಲಿನತ್ತ ಬಾಗಿಸಿ ಮತ್ತೆ ನೆಟ್ಟಗಾಗುತ್ತಿತ್ತು. ಕೆಲವು ಕ್ಷಣಗಳಿಗೊಮ್ಮೆ, ಒಂದೊಂದು ಸರದಿಯಲ್ಲಿ ಹತ್ತಿಪ್ಪತ್ತು ಸಲ ಹೀಗಾಗುತ್ತಿತ್ತು. ಮಗು ನಗುತ್ತಿರಲಿಲ್ಲ, ಯಾರನ್ನೂ ಗಮನಿಸುತ್ತಿರಲಿಲ್ಲ. ಅದು ಆ ವೈದ್ಯರ ಸ್ವಂತ ಮಗ. ಜಿಗಣೆ, ಭೇದಿಯ ಔಷಧ, ಅಫೀಮು ಯಾವುದೂ ಫಲಿಸಲಿಲ್ಲ. ಲಂಡನ್ನಿನ ವೈದ್ಯರೊಬ್ಬರು ಇದಕ್ಕೆ ‘ಸಲಾಮು ಸೆಳವು’ ಎಂದು ಹೆಸರಿಟ್ಟಿದ್ದರು. ಇಂಥ ದಾರುಣ ವ್ಯಾಧಿಗೆ ವಂದನೆಯ ಹೆಸರು ನಮಗೆ ವಿಚಿತ್ರವಾಗಿ ತೋರುತ್ತದೆ.

ಇದು ಅಪಸ್ಮಾರದ ಒಂದು ಪ್ರಭೇದವೆಂಬುದು ಮಿದುಳಿನ ವಿದ್ಯುತ್ತರಂಗಗಳ ಲೇಖನದಿಂದ ಖಚಿತವಾಯಿತು. ಆ ತರಂಗಗಳ ಅಸ್ತವ್ಯಸ್ತ ರೂಪಕ್ಕೆ 1952ರಲ್ಲಿ ಗಿಬ್ಸ್ ದಂಪತಿಗಳು ‘ಹಿಪ್ಸರಿತ್ಮಿಯ’ ಎಂಬ ಹೆಸರನ್ನು ಕೊಟ್ಟರು. ಔಷಧವಾದರೋ ಬೇರೆಯೇ ದಾರಿಯಿಂದ ಬಂದಿತು. ಕೀಲುವಾತಕ್ಕೆ ಕಾರ್ಟಿಸೋನಿನ ಉಪಯೋಗವನ್ನು ಅಮೆರಿಕದ ಹೆಂಚ್ ಮತ್ತು ಅವರ ಸಹೋದ್ಯೋಗಿಗಳು 1949ರಲ್ಲಿ ಪ್ರಕಟಿಸಿದ ಮೇಲೆ ಈ ವರ್ಗದ ಹಾರ್ಮೋನುಗಳನ್ನು ನಾನಾ ವ್ಯಾಧಿಗಳಲ್ಲಿ ಪರೀಕ್ಷಿಸಲಾಯಿತು. 1958ರಲ್ಲಿ ಬೆಲ್ಜಿಯಮ್ಮಿನ ಸೊರೆಲ್ ಅವರು ಇಂಥ 21 ಶಿಶುಗಳ ವಿಷಯವನ್ನು ಕುರಿತು ಬರೆಯುತ್ತ, ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಗುಣವನ್ನು ಸಾರಿದರು. ವೆಸ್ಟರ ಪತ್ರಕ್ಕೂ ಇದಕ್ಕೂ ನಡುವೆ 117 ವರ್ಷಗಳು.

ಎ.ಸಿ.ಟಿ.ಎಚ್. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಸ್ರಾವ. ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸಿ ಕಾರ್ಟಿಸಾಲನ್ನು ಹೊರಡಿಸುತ್ತದೆ. ಸೆಳವು ನಿಲ್ಲುವುದು ಇದರಿಂದಲೋ, ಮಿದುಳಿನ ಮೇಲೆ ಅದಕ್ಕಿರುವ ನೇರ ಪ್ರಭಾವದಿಂದಲೋ ಎಂಬುದರಲ್ಲಿ ಏಕಾಭಿಪ್ರಾಯವಿಲ್ಲ. ಫಲವಂತೂ ದಿಟ: ಬ್ರಿಟನ್ನಿನಲ್ಲಿ 107 ಶಿಶುಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಾರ್ಮೋನು ಪಡೆದ 55ರಲ್ಲಿ 40 ಶಿಶುಗಳಿಗೆ ಎರಡು ವಾರಗಳೊಳಗೆ ಸೆಳವು ನಿಂತಿತು, ವಿಗಾಬಾಟ್ರಿನ್ ಎಂಬ ಇನ್ನೊಂದು ಔಷಧ ಪಡೆದ 52ರಲ್ಲಿ 28 ಶಿಶುಗಳಿಗೆ. ಆದರೆ ರಕ್ತದ ಒತ್ತಡ ಏರುವುದು, ಸೋಂಕು ತಗಲುವುದು, ಮಗು ಸದಾ ಕಿರಿಕಿರಿಗೊಳ್ಳುವುದು ಹಾರ್ಮೋನಿನ ದೋಷಗಳು. ಆದ್ದರಿಂದ ವೈದ್ಯರ ನಿಕಟ ನಿಗಾ ಅನಿವಾರ್ಯ.

ಬೆಲೆಯ ಮಾತೂ ಉಂಟು. ಅಮೆರಿಕದಲ್ಲಿ 2007ರಲ್ಲಿ ಎ.ಸಿ.ಟಿ.ಎಚ್. ಶೀಷೆಯೊಂದರ ಕ್ರಯ ಸುಮಾರು 1,650 ಡಾಲರುಗಳಿಂದ 23,000 ಡಾಲರುಗಳ ಮೇಲಕ್ಕೆ ನೆಗೆಯಿತು. ಇದಕ್ಕೆ ಯಾವ ಸಮರ್ಥನೆಯೂ ನಮಗೆ ಕಾಣದು. ಬಾಯಿಯ ಮೂಲಕ ಕೊಡುವ ಪ್ರೆಡ್ನಿಸೊಲೋನ್ ಇದೇ ವರ್ಗದ್ದು, ಬಹಳ ಅಗ್ಗ; 2004ರ ಪರೀಕ್ಷೆಯಲ್ಲಿ ಬಳಸಿದ ಹಾರ್ಮೋನುಗಳಲ್ಲಿ ಅದೂ ಒಂದು.

ಔಷಧಕ್ಕಿಂತ ದುರ್ಲಭವಾದುದು ಕಾಲ. ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿಯ ಬೆಳವಣಿಗೆಗೆ ಹಾನಿಯ ಸಂಭವ ಹೆಚ್ಚು. ಈ ಬಾಗುವಿಕೆಯನ್ನು ಹೊಟ್ಟೆನೋವೆಂದೋ, ಮಗು ಬೆಚ್ಚಿತೆಂದೋ ತಿಳಿಯುವುದು ಸುಲಭ. ವೆಸ್ಟರು ಮಗನಲ್ಲಿ ಮೊದಲ ಚಿಹ್ನೆಯನ್ನು ಕಂಡದ್ದು ನಾಲ್ಕನೆಯ ತಿಂಗಳಿನಲ್ಲಿ. ಪತ್ರ ಬರೆಯುವ ವೇಳೆಗೆ ಸುಮಾರು ಎಂಟು ತಿಂಗಳು ಕಳೆದಿದ್ದವು.