ಬಗ್ಗಿದ ಚಾಸಿ ನೆಟ್ಟಗಾಗುವುದೆಷ್ಟು?

ಅಪಘಾತಕ್ಕೀಡಾದ ಗಾಡಿಯ ದುರಸ್ತಿ ಖರ್ಚು ಅದರ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇ 75ನ್ನು ದಾಟಿತೆಂದರೆ ವಿಮಾ ಕಂಪನಿ ಅದನ್ನು ‘ಟೋಟಲ್ ಲಾಸ್’ ಎಂದು ಬರೆದುಬಿಡುತ್ತದೆ. ಹಳೆಯ ಪಿಕಪ್‌ನ ಐಡಿವಿಯೇ ಅಷ್ಟಕ್ಕಷ್ಟೆ. ಕ್ಯಾಬಿನ್ನಿನ ಮುಂಭಾಗ ಒಳಕ್ಕೆ ಹೋಗಿ, ರೇಡಿಯೇಟರ್ ಒಡೆದು, ಮುಂದಿನ ಆಕ್ಸಲ್ ಸರಿದರೆ ಸಾಕು, ಕಾಗದದ ಲೆಕ್ಕದಲ್ಲಿ ಅದರ ಆಯುಸ್ಸು ಮುಗಿಯಿತು. ಆದರೆ ಕನಕಪುರ ರಸ್ತೆಯ ಹಾರೋಹಳ್ಳಿಯಂಥ ಕಡೆ ಅಂಥ ಗಾಡಿ ನೇರವಾಗಿ ಗುಜರಿಗೇ ಹೋಗಬೇಕೆಂದಿಲ್ಲ. ಲೇತ್, ವೆಲ್ಡಿಂಗ್, ಟಿಂಕರಿಂಗ್ ಬಲ್ಲ ಕೈಗಳು ಕೈಗಾರಿಕಾ ಪ್ರದೇಶದ ಸುತ್ತ ಬೇಕಾದಷ್ಟಿವೆ. ಪಾಳಿ ಮುಗಿಸಿ ಬಂದು ಮನೆ ಮುಂದಿನ ಖಾಲಿ ಜಾಗದಲ್ಲಿ ಜಖಂ ಗಾಡಿಯನ್ನು ಎಬ್ಬಿಸಿ ನಿಲ್ಲಿಸುವುದು ಇಲ್ಲಿ ಅಸಾಧ್ಯದ ಮಾತಲ್ಲ.

ಪಿಕಪ್‌ಗೆ ಈ ಸೀಮೆಯಲ್ಲಿ ಬಿಡುವೇ ಇಲ್ಲ. ಕಾರ್ಖಾನೆಯ ಬಿಡಿಭಾಗ, ರಾಮನಗರ ಮಾರುಕಟ್ಟೆಗೆ ರೇಷ್ಮೆ ಗೂಡು, ಬೇಸಿಗೆ ಬಂದರೆ ಮಾವು, ಎಲ್ಲವೂ ಇದರ ಬೆನ್ನ ಮೇಲೆಯೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಗುದ್ದಿಸಿಕೊಂಡ ಗಾಡಿ ಮತ್ತೆ ಭಾರ ಹೊರಲು ಯೋಗ್ಯವೇ? ಇದಕ್ಕೆ ಉತ್ತರ ಪೇಂಟಿನಲ್ಲೂ ಇಲ್ಲ, ಎಂಜಿನ್ನಿನ ಸದ್ದಿನಲ್ಲೂ ಇಲ್ಲ. ಅದು ಚಾಸಿಯಲ್ಲಿದೆ.

ವಾಹನದ ಮೈ ಕಟ್ಟುವ ಎರಡು ಬಗೆಗಳನ್ನೂ ನೋಡಲು ಹಾರೋಹಳ್ಳಿಯವರು ಬಿಡದಿಯಾಚೆ ಹೋಗಬೇಕಿಲ್ಲ. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಯಲ್ಲಿ ಮೊದಲು ತಯಾರಾದ ಕ್ವಾಲಿಸ್, ಅದರ ನಂತರದ ಇನ್ನೋವಾ, 2022ರಲ್ಲಿ ಬಂದ ಹೈಲಕ್ಸ್ ಪಿಕಪ್, ಇವೆಲ್ಲ ಏಣಿಯಾಕಾರದ ಚಾಸಿಯ ಮೇಲೆ ನಿಂತವು. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಮೈ ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿದ್ದು. ಅದೇ 2022ರಲ್ಲಿ ಅಲ್ಲಿಂದಲೇ ಹೊರಬಂದ ಇನ್ನೋವಾ ಹೈಕ್ರಾಸ್‌ಗೆ ಬೇರೆ ಚಾಸಿಯೇ ಇಲ್ಲ, ಮೈಯೇ ಚೌಕಟ್ಟು. ಎರಡನೆಯ ಬಗೆಯದು ಜೋರಾಗಿ ಗುದ್ದಿದರೆ ಮನೆಯಲ್ಲಿ ಸರಿಮಾಡುವ ಆಸೆ ಬಿಡಬೇಕು. ಹಳೆಯ ಪಿಕಪ್‌ನಲ್ಲಿ ಮಾತ್ರ ಬೋಲ್ಟ್ ಬಿಚ್ಚಿ, ಕ್ಯಾಬಿನ್ನನ್ನೂ ಹಿಂದಿನ ತೊಟ್ಟಿಯನ್ನೂ ಎತ್ತಿ ಪಕ್ಕಕ್ಕಿಟ್ಟು, ಬರೀ ಚಾಸಿಯನ್ನು ಕಣ್ಣಾರೆ ಪರೀಕ್ಷಿಸಬಹುದು.

ಗುದ್ದಿದಾಗ ಆ ಚಾಸಿಯ ಮೇಲೆ ಬೀಳುವ ಹೊರೆ ಎಷ್ಟು? ಸರಕು ಸೇರಿ 2,700 ಕಿಲೋ ತೂಗುವ ಪಿಕಪ್ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 375 ಕಿಲೋಜೌಲ್. ನಾಲ್ಕಂತಸ್ತಿನ ಕಟ್ಟಡದ ತಾರಸಿಯಿಂದ, ಅಂದರೆ 14 ಮೀಟರ್ ಮೇಲಿಂದ, ಇಡೀ ಗಾಡಿಯನ್ನು ಕೆಳಕ್ಕೆ ಬಿಟ್ಟ ಹಾಗೆ. ವೇಗ 40 ಆಗಿದ್ದರೆ ಎತ್ತರ 6 ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಶಕ್ತಿ ಏರುವುದು ವೇಗದ ವರ್ಗದಂತೆ. ಈ ಶಕ್ತಿ ಎಲ್ಲಾದರೂ ಕರಗಬೇಕಲ್ಲ. ಬೇಲಾ ಬಾರೆನಿ ಎಂಬ ಎಂಜಿನಿಯರ್ 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇದಕ್ಕೇ: ಗಾಡಿಯ ಮುಂದು ಹಿಂದುಗಳು ಬೇಕೆಂತಲೇ ನಜ್ಜುಗುಜ್ಜಾಗಿ ಶಕ್ತಿಯನ್ನು ನುಂಗಲಿ, ಜನ ಕೂರುವ ನಡುಭಾಗ ಗಟ್ಟಿಯಾಗಿರಲಿ. 1959ರ ಮರ್ಸಿಡಿಸ್ ಕಾರಿನಲ್ಲಿ ಅದು ಜಾರಿಗೆ ಬಂತು. ಮೂತಿ ಚಿಕ್ಕದಾದ ಹಳೆಯ ಸರಕು ಗಾಡಿಗಳಲ್ಲಿ ಹಾಗೆ ನಜ್ಜಾಗಲು ಜಾಗವೇ ಕಡಿಮೆ. ಪೆಟ್ಟು ತೊಲೆಗಳಿಗೇ ತಗಲುತ್ತದೆ.

ಉಕ್ಕಿನ ಸ್ವಭಾವ ವಿಚಿತ್ರವಾದದ್ದು. ಸಾಧಾರಣ ಉಕ್ಕಿನ ಒಂದು ಮೀಟರ್ ಸರಳನ್ನು ಎಳೆದರೆ ಸುಮಾರು 1.25 ಮಿ.ಮೀ.ವರೆಗೂ ಹಿಗ್ಗಿ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಅದನ್ನು ಮೀರಿತೋ, ಮತ್ತೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಹರಳಿನೊಳಗಿನ ಪರಮಾಣುಗಳ ಸಾಲುಗಳಲ್ಲಿ ಅಲ್ಲಲ್ಲಿ ಇರುವ ದೋಷಗಳು ಜಾರುತ್ತಾ ಹೋಗುವುದರಿಂದ ಲೋಹ ಬಗ್ಗುತ್ತದೆ ಎಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿಯೇ ವಿವರಿಸಿದರು. ಬಗ್ಗಿದಷ್ಟೂ ದೋಷಗಳು ಹೆಚ್ಚಿ, ಒಂದಕ್ಕೊಂದು ತೊಡರಿಕೊಂಡು ಆ ಜಾಗ ಗಡುಸಾಗುತ್ತದೆ. ಒಂದು ದಪ್ಪ ತಂತಿಯನ್ನು ಮಡಚಿ ಮತ್ತೆ ನೇರ ಮಾಡಿ ನೋಡಿ. ಮಡಚಿದ ಬಿಂದು ಹಾಗೇ ಉಳಿಯುತ್ತದೆ, ಅದರ ಅಕ್ಕಪಕ್ಕ ಬಗ್ಗಿ ತಂತಿ ಸೊಟ್ಟಸೊಟ್ಟಗಾಗುತ್ತದೆ. ಚಾಸಿಗೆ ಸರಪಳಿ ಬಿಗಿದು ಜಾಕ್ ಕೊಟ್ಟು ಎಳೆಯುವಾಗ ಆಗುವುದೂ ಇದೇ.

ಹಾಗಾದರೆ ಕಾಯಿಸಿ ಮೆತ್ತಗೆ ಮಾಡಬಾರದೇ? ಕಾರ್ಖಾನೆಗಳಲ್ಲಿ ಅದು ನಿತ್ಯದ ಕೆಲಸ. ಪಿಜನ್ ಕುಕ್ಕರ್ ತಯಾರಿಸುವ ಸ್ಟೋವ್‌ಕ್ರಾಫ್ಟ್ ಹಾರೋಹಳ್ಳಿಯಲ್ಲೇ ಇದೆ. ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಪಾತ್ರೆಯಾಗಿಸುವ ಉದ್ಯಮದಲ್ಲಿ ಗಡುಸಾದ ಲೋಹವನ್ನು ಹದವಾಗಿ ಕಾಯಿಸಿ ಮೆತ್ತಗಾಗಿಸುವ ವಿಧಾನ ಹಳೆಯದು. ಆದರೆ ಅಲ್ಲಿ ಕುಲುಮೆಯ ಉಷ್ಣತೆ ಅಳತೆಯಲ್ಲಿರುತ್ತದೆ, ಇಡೀ ತುಂಡು ಒಂದೇ ಸಮ ಕಾಯುತ್ತದೆ. ಅಂಗಳದಲ್ಲಿ ಗ್ಯಾಸ್ ಉರಿ ಹಿಡಿದು ಚಾಸಿಯ ಒಂದು ಕಡೆ ಕೆಂಪಗೆ ಮಾಡಿದರೆ ಅಲ್ಲಿನ ಉಕ್ಕು ಬೇರೆ, ಪಕ್ಕದ ಉಕ್ಕು ಬೇರೆ ಆಗುತ್ತದೆ. 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿಗೆ ಅರ್ಧದಷ್ಟು ಬಲವೂ ಉಳಿದಿರುವುದಿಲ್ಲ. ತಣಿದ ಮೇಲೆ ಸಾಧಾರಣ ಉಕ್ಕು ಬಹುಪಾಲು ಚೇತರಿಸಿಕೊಂಡೀತು. ವಿಶೇಷ ಹದದಿಂದ ಬಲ ಪಡೆದ ಉಕ್ಕು ಆ ಹದವನ್ನು ಕಳೆದುಕೊಳ್ಳುತ್ತದೆ. ಕಮಾನು ಪಟ್ಟಿಗಳಿಗಂತೂ ಉರಿ ತಾಗಿಸಲೇಬಾರದು. ಕಾಯಿಸಿ ಬಗ್ಗಿಸಿದ ಪಟ್ಟಿ ನೋಡಲು ಸರಿಯಿದ್ದರೂ ಭಾರ ಬಿದ್ದಾಗ ಕುಸಿಯುತ್ತದೆ.

ಸುತ್ತಿಗೆ ಎತ್ತುವ ಮೊದಲು ಅಳತೆ ತೆಗೆಯಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ, ಗಾರೆ ಕೆಲಸದವರ ತೂಗುಗುಂಡು, ಸುಣ್ಣದ ಕಡ್ಡಿ, ಟೇಪು ಸಾಕು. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಚಾಸಿಯನ್ನು ಸ್ಟ್ಯಾಂಡಿಗೆ ಏರಿಸಬೇಕು. ಎರಡೂ ತೊಲೆಗಳಲ್ಲಿ ಎದುರುಬದುರಾಗಿ ಕಂಪನಿಯೇ ಕೊರೆದ ತೂತುಗಳಿರುತ್ತವೆ. ಅವುಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಮುಂದೆ ಎರಡು, ಹಿಂದೆ ಎರಡು ಗುರುತು ಬಿದ್ದರೆ ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದಲ್ಲಿ ಅಳೆಯುವುದು. ಚಾಸಿ ಸೊಟ್ಟಗಾಗಿಲ್ಲದಿದ್ದರೆ ಎರಡೂ ಅಳತೆ ಒಂದೇ. 3 ಮೀಟರ್ ಉದ್ದ, 80 ಸೆಂ.ಮೀ. ಅಗಲದ ಆಯತದಲ್ಲಿ ಒಂದು ತೊಲೆ ಬರೀ 10 ಮಿ.ಮೀ. ಹಿಂದಕ್ಕೆ ಸರಿದಿದ್ದರೂ ಎರಡು ಅಳತೆಗಳ ನಡುವೆ 19 ಮಿ.ಮೀ. ಅಂತರ ಬರುತ್ತದೆ. ಕಣ್ಣಿಗೆ ಕಾಣದ್ದು ಟೇಪಿಗೆ ಸಿಗುತ್ತದೆ. ಚಾಸಿ ತಿರುಚಿಕೊಂಡಿದ್ದರೆ ಈ ವಿಧಾನಕ್ಕೆ ಗೊತ್ತಾಗದು. ಅದಕ್ಕೆ ನೀರು ತುಂಬಿದ ಪಾರದರ್ಶಕ ಟ್ಯೂಬು ಹಿಡಿದು ನಾಲ್ಕೂ ಮೂಲೆಯ ಮಟ್ಟ ನೋಡಬೇಕು.

ವೆಲ್ಡಿಂಗ್ ಎಲ್ಲಿ ಮಾಡಬಾರದು ಎಂಬುದಕ್ಕೂ ಕಾರಣವಿದೆ. ಭಾರ ಹೊತ್ತ ತೊಲೆಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಹಿಗ್ಗುತ್ತದೆ, ನಡುವೆ ಎಳೆತವೂ ಒತ್ತಡವೂ ಇಲ್ಲದ ಒಂದು ರೇಖೆ ಇರುತ್ತದೆ. ಹಾಗಾಗಿಯೇ ತೂತು, ರಿವೆಟ್ಟುಗಳನ್ನು ಸಾಧ್ಯವಾದಷ್ಟೂ ನಡುಭಾಗದಲ್ಲಿ ಇಡುತ್ತಾರೆ. ಅಂಚಿಗೆ ಅಡ್ಡಡ್ಡಲಾಗಿ ವೆಲ್ಡಿಂಗ್ ಗೆರೆ ಎಳೆದರೆ ಅತಿ ಹೆಚ್ಚು ಎಳೆತವಿರುವ ಕಡೆಯೇ ಬಿರುಕಿಗೆ ದಾರಿ ಮಾಡಿಕೊಟ್ಟಂತೆ.

ಇಷ್ಟನ್ನು ಸರಿಮಾಡಿದರೆ ಉಳಿದದ್ದು ಹೆಚ್ಚಾಗಿ ತಾಳ್ಮೆಯ, ಎಚ್ಚರದ ಕೆಲಸ. ಹಳೆಯ ಡೀಸೆಲ್ ಎಂಜಿನ್ನಿನ ನಳಿಗೆ ತೆರೆದುಕೊಳ್ಳುವುದು ಸುಮಾರು 200 ಬಾರ್ ಒತ್ತಡಕ್ಕೆ. ಅದರಿಂದ ಚಿಮ್ಮುವ ಡೀಸೆಲ್ ಧಾರೆ ಚರ್ಮವನ್ನೂ ತೂರಿ ಒಳಹೋಗುತ್ತದೆ. ಮೆಕ್ಯಾನಿಕ್‌ಗಳು ಈಗಲೂ ‘ಮೈಕೊ ಪಂಪು’ ಎನ್ನುವ ಇಂಜೆಕ್ಷನ್ ಪಂಪನ್ನು ಮನೆಯಲ್ಲಿ ಬಿಚ್ಚದೆ, ಪರೀಕ್ಷಾ ಯಂತ್ರವಿರುವ ಅಂಗಡಿಗೇ ಒಯ್ಯಬೇಕು. ಗಟ್ಟಿಕಾರಕ ಬೆರೆಸಿ ಹೊಡೆಯುವ ಪೇಂಟಿನಲ್ಲಿ ಐಸೊಸಯನೇಟ್ ಇರುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ, ಒಮ್ಮೆ ಆಸ್ತಮಾ ಹತ್ತಿದರೆ ಬಿಡುವುದು ಕಷ್ಟ. ಡೀಸೆಲ್ ಟ್ಯಾಂಕ್ ಇಳಿಸದೆ, ಬ್ಯಾಟರಿ ವೈರು ಬಿಚ್ಚದೆ ವೆಲ್ಡಿಂಗ್‌ಗೆ ಕೈಹಾಕಲೇಬಾರದು.

ಬಿಬಿಸಿಯ ‘ಟಾಪ್ ಗೇರ್’ ಕಾರ್ಯಕ್ರಮದವರು 2003ರಲ್ಲಿ ಹಳೆಯ ಹೈಲಕ್ಸ್ ಒಂದನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡವಲಿದ್ದ ಬಹುಮಹಡಿ ಕಟ್ಟಡದ ನೆತ್ತಿಯ ಮೇಲಿಟ್ಟು ಉರುಳಿಸಿದರು. ಆದರೂ ಅದು ಸ್ಟಾರ್ಟ್ ಆಯಿತು. ಪಿಕಪ್‌ಗಳ ಗಟ್ಟಿತನಕ್ಕೆ ಜನ ಇಂದಿಗೂ ಕೊಡುವ ಉದಾಹರಣೆ ಅದು. ಸ್ಟಾರ್ಟ್ ಆದ ಗಾಡಿಯೆಲ್ಲ ಒಂದೂವರೆ ಟನ್ ಹೇರಿಕೊಂಡು ಕನಕಪುರ ರಸ್ತೆಯಲ್ಲಿ ಓಡಬಹುದೆಂದು ಅದರಿಂದ ಸಾಬೀತಾಗುವುದಿಲ್ಲ.

ಸರಕು ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಮಾಡಿಸಬೇಕೆಂಬುದು ಕಾನೂನು. ಆದರೆ ಪುಟ್ಟಿ, ಪೇಂಟಿನಡಿ ಮುಚ್ಚಿಹೋದ ಬಾಗು ಆ ದಿನವೇ ಕಣ್ಣಿಗೆ ಬಿದ್ದೀತೆಂದು ನಂಬಿ ಕೂರುವಂತಿಲ್ಲ. ಎಬ್ಬಿಸಿ ನಿಲ್ಲಿಸಿದ ಪಿಕಪ್ ಕೊಳ್ಳಲು ಹೋದವರು ಮೊದಲು ಗಾಡಿಯ ಕೆಳಗೆ ತೂರಿ ನೋಡಲಿ. ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತದೆಯೇ, ತೊಲೆಯ ಅಂಚಿನಲ್ಲಿ ಹೊಸ ವೆಲ್ಡಿಂಗ್ ಇದೆಯೇ ಎಂದು ಪರೀಕ್ಷಿಸಿ, ಕತ್ತರಿ ಅಳತೆ ತೆಗೆಯಲಿ. ಅಳೆಯಲು ಒಪ್ಪದ ಮಾರಾಟಗಾರನ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.